ರೋಗಕ್ಕೆ ಸೂತಕವಿಲ್ಲ

ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದು ಸೂತಕಗಳು ಲಿಂಗವಂತನಿಗೆ ಇಲ್ಲವೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ಸಂಗತಿ. ಅಂಗದ ಮೇಲೆ ಲಿಂಗವಿರುವಾಗ ಹೊರಗಿನ ಮೈಲಿಗೆಗೆ ಅಲ್ಲಿ ಎಡೆಯೆಲ್ಲಿ? ಹನ್ನೆರಡನೆಯ ಶತಮಾನದ ಶರಣರು ಈ ಮಾತನ್ನು ಆಡಿದುದು ಮಾತ್ರವಲ್ಲ, ಬಾಳಿಯೂ ತೋರಿಸಿದರು. ಆದರೆ ಅವರ ಮಾರ್ಗದವರೆನಿಸಿಕೊಂಡ ನಮ್ಮಲ್ಲಿ ಎಣಿಕೆಗೆ ಬಾರದ ಆರನೆಯ ಸೂತಕವೊಂದು ಗುಟ್ಟಾಗಿ ಉಳಿದುಕೊಂಡಿದೆ. ಅದೇ ರೋಗಸೂತಕ. ಕ್ಯಾನ್ಸರ್ ಆಗಲಿ, ರಕ್ತಕ್ಕೆ ಸಂಬಂಧಿಸಿದ ದೀರ್ಘವ್ಯಾಧಿಯಾಗಲಿ ಒಂದು ಮನೆಯನ್ನು ಹೊಕ್ಕಿತೆಂದರೆ ಆ ಮನೆಯವರು ಅದರ ಹೆಸರನ್ನು ನುಡಿಯಲೂ ಅಂಜುವರು. ಈ ಅಂಜಿಕೆ ಧರ್ಮಸಮ್ಮತವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿಯ ಮಲೆಗಳಲ್ಲಿ ಈ ಸೂತಕ ನಡೆಯುವ ಬಗೆ ಎಲ್ಲರ ಕಣ್ಣಿಗೂ ಬಿದ್ದಿರುವುದೇ. ಮನೆಯ ಯಜಮಾನತಿಗೆ ಎದೆಯಲ್ಲಿ ಗಂಟು ಕಾಣಿಸಿದರೆ ಆಕೆ ಸೊಸೆಗೂ ಹೇಳುವುದಿಲ್ಲ. ಮಗಳ ಮದುವೆಯ ಮಾತು ಮುಗಿಯಲೆಂದು ಕಾಯುವಳು. ತೋಟದ ಲೈನುಮನೆಯ ಆಳಿಗೆ ಬಾಯಿಯಲ್ಲಿ ಮಾಯದ ಹುಣ್ಣಾದರೆ ಕೊಯ್ಲು ಮುಗಿಯಲೆಂದು ಆತನೂ ಕಾಯುವನು. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುವುದು. ನವೆಂಬರಿನಲ್ಲಿ ಹುಟ್ಟಿದ ಸಂಶಯ ಮಾರ್ಚ್ ತಿಂಗಳವರೆಗೆ ಹಾಗೆಯೇ ಉಳಿಯುವುದು. ಕಡೆಗೆ ಸುದ್ದಿ ಹೊರಬಿದ್ದಾಗ ರೋಗಿಯ ತಟ್ಟೆ ಲೋಟಗಳು ಬೇರೆಯಾಗುವುವು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ರೋಗಿಯೊಡನೆ ಕುಳಿತರೆ, ಉಂಡರೆ, ಮುಟ್ಟಿದರೆ ಬರತಕ್ಕದ್ದಲ್ಲ. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವ ಜನ ರೋಗಿಯ ತಟ್ಟೆಯನ್ನು ಬೇರೆಯಿಡುವುದು ಉಚ್ಛಿಷ್ಟಸೂತಕವಲ್ಲದೆ ಮತ್ತೇನು?

ಇದರ ಬೇರು ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಇಂತಹ ವ್ಯಾಧಿ ಪೂರ್ವಜನ್ಮದ ಪಾಪದ ಫಲ. ಅನುಭವಿಸಿಯೇ ತೀರಬೇಕು ಎಂದು ಹಲವರು ನಂಬಿರುವರು. ಲಿಂಗವಂತನ ಬಾಯಲ್ಲಿ ಈ ಮಾತು ಸಲ್ಲದು. ದೀಕ್ಷೆಯ ಕಾಲದಲ್ಲಿ ಶ್ರೀಗುರುವು ಹಸ್ತಮಸ್ತಕಸಂಯೋಗದಿಂದ ಆಣವ, ಮಾಯಾ, ಕಾರ್ಮಿಕವೆಂಬ ಮಲತ್ರಯಗಳನ್ನು ಕಳೆದು, ಪೂರ್ವಾಶ್ರಯವನ್ನು ತೊಡೆದು, ಶಿಷ್ಯನನ್ನು ಪುನರ್ಜಾತನನ್ನಾಗಿ ಮಾಡುವನೆಂದು ನಾವು ನಂಬಿದ್ದೇವೆ. ಹಾಗಿದ್ದ ಮೇಲೆ ಭಕ್ತನ ವ್ಯಾಧಿಯನ್ನು ಪೂರ್ವಕರ್ಮಕ್ಕೆ ಕಟ್ಟುವುದು ಗುರುವಿನ ಕಾರುಣ್ಯವನ್ನೇ ಸಂಶಯಿಸಿದಂತೆ. ದೀಕ್ಷೆ ಪಡೆಯದವನ ವಿಷಯದಲ್ಲಿಯೂ ಅಳೆಯುವ ಅಧಿಕಾರ ನಮಗಿಲ್ಲ. ಧರ್ಮದ ತಳಹದಿ ಕರುಣೆಯೆಂದು ಬೋಧಿಸಿದ ಬಸವಣ್ಣನವರು ಅದಕ್ಕೆ ಎಲ್ಲೆಯನ್ನು ಹಾಕಲಿಲ್ಲ. ವ್ಯಾಧಿಯನ್ನು ಸುಮ್ಮನೆ ಅನುಭವಿಸಬೇಕೆಂಬುದೇ ಶರಣರ ಮತವಾಗಿದ್ದರೆ ಅವರ ಗಣದಲ್ಲಿ ವೈದ್ಯ ಸಂಗಣ್ಣನಿಗೆ ಸ್ಥಾನವೇ ಇರುತ್ತಿರಲಿಲ್ಲ. ವೈದ್ಯವನ್ನೇ ಕಾಯಕವಾಗಿ ಹಿಡಿದು, ಆ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ನುಡಿದ ಶರಣನಾತ.

ಕಾರಣಗಳನ್ನು ಜನ್ಮಾಂತರದಲ್ಲಿ ಹುಡುಕುವವರು ಕಣ್ಣೆದುರಿನ ಕಾರಣಗಳನ್ನು ಕಾಣದೆ ಹೋಗುವರು. ಹೊಗೆಸೊಪ್ಪಿನ ಕೇಡು ಎಲ್ಲರಿಗೂ ತಿಳಿದುದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪು ಬೆರೆಸದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ನಿರ್ಣಯಿಸಿತು. ಅಡಿಕೆ ನಮ್ಮ ತೋಟಗಳ ಬೆಳೆ, ಮಾತು ಕಹಿಯಾದುದು. ಆದರೆ ಕಾಯಕಕ್ಕೆ ಸತ್ಯಶುದ್ಧತೆಯನ್ನು ವಿಧಿಸಿದ ಮಾರ್ಗದವರು ಕಹಿಯೆಂದು ಸತ್ಯವನ್ನು ಬಿಡುವಂತಿಲ್ಲ. ಇನ್ನು ರಕ್ತದ ಕ್ಯಾನ್ಸರಿಗೆ ತುತ್ತಾದ ಎಳೆಯ ಮಕ್ಕಳಲ್ಲಿ ಬಹುಪಾಲು ಯಾವ ಕಾರಣವೂ ದೊರೆಯುವುದಿಲ್ಲ. ಮೂರು ವರ್ಷದ ಕೂಸಿನ ಮೇಲೆ ಪಾಪವನ್ನು ಹೊರಿಸುವ ಧರ್ಮ ಶಿವಧರ್ಮವಾಗಲಾರದು.

ರೋಗಸೂತಕದ ಭಾರ ಹೆಚ್ಚಾಗಿ ಬೀಳುವುದು ಹೆಣ್ಣಿನ ಮೇಲೆ. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ವ್ಯಾಧಿ ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯುವುದು. ಇದನ್ನು ಕೇಳಿದೊಡನೆ ಸೊಸೆಯನ್ನು ದೂಷಿಸುವ ಮನೆಗಳಿವೆ. ಸುಮಾರು ಮೂರರಲ್ಲೊಂದು ಪಾಲು ರೋಗಿಗಳಲ್ಲಿ ಮನೆತನದ ಹಿಂದಿನವರಾರಿಗೂ ಇಲ್ಲದೆ ಅದು ಹೊಸದಾಗಿಯೇ ತಲೆದೋರುವುದೆಂಬುದನ್ನು ಅವರು ಅರಿಯರು. ತಾಯಿಯ ಮೂಲಕ ಬಂದಲ್ಲಿಯೂ ಅದು ಆಕೆ ಮಾಡಿದ ತಪ್ಪಲ್ಲವೆಂಬುದನ್ನು ನೆನೆಯರು. ನೆರೆಯ ದಾವಣಗೆರೆಯಲ್ಲಿ ಡಾ. ಸುರೇಶ ಹನಗವಾಡಿಯವರು ತಾವೇ ಈ ವ್ಯಾಧಿಯನ್ನು ಹೊತ್ತು, ವೈದ್ಯರಾಗಿ, ಇಂತಹ ರೋಗಿಗಳಿಗಾಗಿಯೇ ಸಂಘವನ್ನು ಕಟ್ಟಿದರು. ಬಚ್ಚಿಟ್ಟಿದ್ದರೆ ಒಬ್ಬರ ಸಂಕಟವಾಗಿ ಮುಗಿಯುತ್ತಿದ್ದುದು, ಬಿಚ್ಚಿ ಹೇಳಿದ್ದರಿಂದ ಹಲವರಿಗೆ ಆಸರೆಯಾಯಿತು.

ರೋಗಿಗೆ ನಿಜವನ್ನು ಹೇಳಬೇಕೇ ಎಂಬ ಪ್ರಶ್ನೆಯೂ ಇಲ್ಲಿಯೇ ಏಳುವುದು. ಕೇಳಿದರೆ ಎದೆಯೊಡೆದೀತೆಂದು ಮಕ್ಕಳು ಮುಚ್ಚಿಡುವರು. ಇದು ಪ್ರೀತಿಯಿಂದಲೇ ನಡೆಯುವ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯವರೆಲ್ಲರೂ ತಿಳಿದು ತಾನೊಬ್ಬನೇ ತಿಳಿಯದವನಾಗಿ ಮಲಗಿರುವ ಹಿರಿಯನು ತನ್ನ ಮನೆಯಲ್ಲಿಯೇ ಪರಕೀಯನಾಗುವನು. ಚಿಕಿತ್ಸೆ ಬೇಕೋ ಬೇಡವೋ, ಜಮೀನಿನ ವ್ಯವಸ್ಥೆ ಹೇಗೆ, ಯಾರಲ್ಲಿ ಕ್ಷಮೆ ಬೇಡಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವೇ ಅವನಿಂದ ಜಾರಿಹೋಗುವುದು. ಸತ್ಯವನ್ನು ಕಲ್ಲಿನಂತೆ ಎಸೆಯತಕ್ಕದ್ದಲ್ಲ. ಕೇಳುವಾತನ ಬಲವನ್ನರಿತು, ಕೈಹಿಡಿದು, ಸ್ವಲ್ಪಸ್ವಲ್ಪವಾಗಿ ಹೇಳತಕ್ಕದ್ದು.

ಮುಚ್ಚಿಡುವುದರಿಂದ ಆಗುವ ಅತಿ ದೊಡ್ಡ ಹಾನಿಯೆಂದರೆ ಕಾಲಹರಣ. ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಎದೆಯ ಗಂಟು, ಮುಟ್ಟು ನಿಂತ ಬಳಿಕ ಕಾಣುವ ರಕ್ತಸ್ರಾವ, ಮಕ್ಕಳಲ್ಲಿ ಬಿಡದ ಜ್ವರದೊಡನೆ ಬಿಳಿಚುವಿಕೆ ಮತ್ತು ಚರ್ಮದ ಮೇಲಿನ ರಕ್ತಚುಕ್ಕೆಗಳು—ಇವೆಲ್ಲ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆಂಬ ಸೂಚನೆಗಳು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಔಷಧದಿಂದ ಕೆಲವು ತಿಂಗಳ ಉಪಶಮನವಾದುದನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದನು; ಆ ಔಷಧವನ್ನು ಸಿದ್ಧಪಡಿಸಿದ ಪ್ರಯೋಗಶಾಲೆಯ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅಂದು ತಿಂಗಳುಗಳ ಲೆಕ್ಕವಿದ್ದ ಅದೇ ವ್ಯಾಧಿಯಲ್ಲಿ ಇಂದು, ಎರಡು ಮೂರು ವರ್ಷಗಳ ಚಿಕಿತ್ಸೆಯನ್ನು ಪೂರ್ತಿ ಪಡೆದ ಮಕ್ಕಳಲ್ಲಿ ಹೆಚ್ಚಿನವರು ಗುಣಹೊಂದುವರು. ಪೂರ್ತಿ ಎಂಬ ಮಾತನ್ನು ಗಮನಿಸಬೇಕು.

ಪೂರ್ತಿ ಪಡೆಯುವುದಾದರೂ ಮಲೆನಾಡಿಗೆ ಸುಲಭವೇ? ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿದ ಕಿದ್ವಾಯಿ ಸ್ಮಾರಕ ಸಂಸ್ಥೆ ಚಿಕ್ಕಮಗಳೂರಿನಿಂದ ಸುಮಾರು 250 ಕಿಲೋಮೀಟರು ದೂರ. ಕಳಸದವರು ಕುದುರೆಮುಖದ ದಾರಿಯಲ್ಲಿ ಘಟ್ಟವಿಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುವರು. ಮೂಡಿಗೆರೆಯವರಿಗೆ ಚಾರ್ಮಾಡಿ ಘಾಟಿ. 2019ರ ಆಗಸ್ಟ್ ಮಳೆಯಲ್ಲಿ ಆ ಘಾಟಿ ಕುಸಿದು ಸಂಚಾರ ನಿಂತುದನ್ನು ಯಾರೂ ಮರೆತಿಲ್ಲ. ವಿಕಿರಣ ಚಿಕಿತ್ಸೆಯೆಂದರೆ ಎಷ್ಟೋ ವೇಳೆ ವಾರಕ್ಕೆ ಐದು ದಿನದಂತೆ ಐದಾರು ವಾರ ಅಲ್ಲಿಯೇ ನಿಲ್ಲಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುವುದು. ಆದರೆ ಬಸ್ಸಿನ ಪಯಣ, ಜೊತೆಗಿರುವವನ ಊಟ, ತಪ್ಪಿದ ಕೂಲಿ, ಮನೆಯಲ್ಲುಳಿದ ಮಕ್ಕಳು—ಇವು ರೋಗಿಯ ತಲೆಯ ಮೇಲೆಯೇ ಉಳಿಯುವುವು. ಅರ್ಧದಲ್ಲಿ ಹಿಂದಿರುಗುವವರು ಹಿಂದಿರುಗುವುದು ಬಹುಮಟ್ಟಿಗೆ ಇವುಗಳಿಂದಲೇ.

ದಾಸೋಹಕ್ಕೆ ಸ್ಥಳವಿರುವುದು ಇಲ್ಲಿ. ತೋಟದ ಕಾರ್ಮಿಕನ ವೈದ್ಯಕೀಯ ಸೌಕರ್ಯದ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯು ಮಾಲೀಕನ ಮೇಲೆ ಇಟ್ಟಿತು. ಕಾಯ್ದೆ ಕೇಳುವಷ್ಟನ್ನು ಮಾಡುವುದು ಲೌಕಿಕ. ಆಳನ್ನು ಕೊಯ್ಲಿನ ನಡುವೆಯೇ ಆಸ್ಪತ್ರೆಗೆ ಕಳುಹಿಸಿ, ಆತ ಬರುವವರೆಗೆ ಮನೆಗೆ ಅಕ್ಕಿ ಮುಟ್ಟಿಸುವುದು ಶರಣಮಾರ್ಗ. ದಾನದಲ್ಲಿ ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯುಂಟು. ದಾಸೋಹದಲ್ಲಿ ಕೊಡುವಾತನೇ ಸೇವಕನು.

ಈ ಭಾವ ಅತಿ ಶುದ್ಧವಾಗಿ ಕಾಣುವುದು ರಕ್ತವನ್ನು ಕೊಡುವುದರಲ್ಲಿ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ಹಣಕ್ಕಾಗಿ ರಕ್ತ ಮಾರುವುದು ನಮ್ಮ ದೇಶದಲ್ಲಿ ನಿಷಿದ್ಧ. ಕೊಟ್ಟವನು ಪಡೆದವನನ್ನು ಕಾಣನು. ಪಡೆದವನು ಕೊಟ್ಟವನ ಕುಲವನ್ನು ಕೇಳನು. ಜಾತಿಸೂತಕಕ್ಕೆ ಇದಕ್ಕಿಂತ ಮಿಗಿಲಾದ ಉತ್ತರ ಬೇಕೇ? ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅತ್ಯಗತ್ಯವಾದ ಪ್ಲೇಟ್‌ಲೆಟ್ ಕಣಗಳನ್ನು ಐದು ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಲಾಗದು. ಆದುದರಿಂದ ಜಾತ್ರೆಯ ದಿನ ನೂರು ಮಂದಿ ಕೊಟ್ಟು ವರ್ಷವಿಡೀ ಮರೆತರೆ ಸಾಲದು. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಊರಿನ ಭಕ್ತರು ಸರದಿ ಹಾಕಿಕೊಂಡರೆ ಅದು ನಿತ್ಯದಾಸೋಹವೇ ಆದೀತು.

ಇಷ್ಟಾದರೂ ಎಲ್ಲ ವ್ಯಾಧಿಯೂ ವಾಸಿಯಾಗದು. ವಾಸಿಯಾಗದೆಂದು ವೈದ್ಯರು ತಿಳಿಸಿದ ಮೇಲೆ ಮಾಡತಕ್ಕದ್ದೇನೂ ಇಲ್ಲವೆಂದು ತಿಳಿಯಬಾರದು. ನೋವನ್ನು ತಗ್ಗಿಸುವ ಔಷಧಗಳಿವೆ. ಕೊನೆಯ ದಿನಗಳ ಶುಶ್ರೂಷೆಗಾಗಿ ಬೆಂಗಳೂರಿನ ಕರುಣಾಶ್ರಯದಂತಹ ಧರ್ಮಸಂಸ್ಥೆಗಳು ಹಣ ಪಡೆಯದೆ ಸೇವೆ ಸಲ್ಲಿಸುತ್ತಿವೆ. ಕಾಯ ಅನಿತ್ಯವೆಂಬುದು ದಿಟ. ಆದರೆ ಆ ಅನಿತ್ಯ ಕಾಯದ ಮೇಲೆಯೇ ಲಿಂಗವನ್ನು ಧರಿಸಿದ್ದೇವೆ, ಅದರಿಂದಲೇ ಪೂಜಿಸುತ್ತೇವೆ. ನರಳುವ ಕಾಯವೂ ಶಿವನ ಆಲಯವೇ. ಅದರ ಬಳಿ ಕುಳಿತು, ಅದೇ ತಟ್ಟೆಯಲ್ಲಿ ಪ್ರಸಾದವನ್ನು ಕೊಟ್ಟು, ರೋಗದ ಹೆಸರನ್ನು ಅಂಜದೆ ನುಡಿಯುವ ಮನೆಯಲ್ಲಿ ಆರನೆಯ ಸೂತಕ ಉಳಿಯಲಾರದು. ಸದ್ಭಕ್ತರು ಇದನ್ನು ತಮ್ಮ ತಮ್ಮ ಮನೆಗಳಿಂದಲೇ ಆರಂಭಿಸಲಿ.