ಎರಡು ಬಾಗಿಲುಗಳ ನಡುವೆ



ಶಾಂತಿ ಬೇಡವೆನ್ನುವವರು ಯಾರಿದ್ದಾರೆ? ಆದರೆ ಬೆಟ್ಟದ ಮೇಲಿನ ಬೋಧನೆಯಲ್ಲಿ ಪ್ರಭು ಯೇಸು ಧನ್ಯರೆಂದು ಕರೆದದ್ದು ಶಾಂತಿಯನ್ನು ಬರೀ ಬಯಸುವವರನ್ನಲ್ಲ, ಅದಕ್ಕಾಗಿ ದುಡಿಯುವವರನ್ನು. ಆ ದುಡಿಮೆ ಎಂಥದೆಂದು ಒಬ್ಬರ ಬಾಳಿನಿಂದ ಕಲಿಯೋಣ.

ಅಮೆರಿಕದ ಜಿಮ್ಮಿ ಕಾರ್ಟರ್ ನೌಕಾಪಡೆಯ ಅಧಿಕಾರಿಯಾಗಿದ್ದರು. 1953ರಲ್ಲಿ ತಂದೆ ತೀರಿಕೊಂಡಾಗ ಆ ಕೆಲಸ ಬಿಟ್ಟು, ನಮ್ಮ ಮುಂಡರಗಿ ಸೀಮೆಯ ರೈತರಂತೆ ಶೇಂಗಾ ಬೆಳೆಯಲು ಊರಿಗೆ ಮರಳಿದರು. ಬ್ಯಾಪ್ಟಿಸ್ಟ್ ಸಭೆಯ ಈ ವಿಶ್ವಾಸಿ ಮುಂದೆ 1977ರಲ್ಲಿ ದೇಶದ ಅಧ್ಯಕ್ಷರಾದರು.

ಈಜಿಪ್ಟ್ ಮತ್ತು ಇಸ್ರೇಲ್ ಅದಾಗಲೇ ನಾಲ್ಕು ಯುದ್ಧ ಮಾಡಿದ್ದವು. 1978ರ ಸೆಪ್ಟೆಂಬರಿನಲ್ಲಿ ಕಾರ್ಟರ್ ಆ ದೇಶಗಳ ನಾಯಕರಾದ ಸಾದತ್ ಮತ್ತು ಬೆಗಿನ್ ಅವರನ್ನು ಕ್ಯಾಂಪ್ ಡೇವಿಡ್‌ಗೆ ಕರೆಸಿದರು. ಇಬ್ಬರೂ ಎದುರುಬದುರು ಕೂತು ಮಾತನಾಡಲಾರದಂತಾದಾಗ, ತಾವೇ ಕಾಗದ ಹಿಡಿದು ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಓಡಾಡಿದರು. ಹದಿಮೂರನೆಯ ದಿನ ಮಾತುಕತೆ ಮುರಿದುಬೀಳುವಂತಿತ್ತು. ಕಾರ್ಟರ್ ಬೆಗಿನ್‌ರ ಮೊಮ್ಮಕ್ಕಳ ಹೆಸರನ್ನು ಒಂದೊಂದು ಚಿತ್ರದ ಮೇಲೂ ಬರೆದು, ಸಹಿ ಮಾಡಿ ಅವರ ಕೈಗಿತ್ತರು. ಹೆಸರುಗಳನ್ನು ಓದುತ್ತ ಅಜ್ಜನ ಮನ ಕರಗಿತು. 1979ರ ಮಾರ್ಚಿನಲ್ಲಿ ಶಾಂತಿ ಒಪ್ಪಂದವಾಯಿತು. ಆ ನಾಡಿನ ಎಲ್ಲ ಗಾಯಗಳೂ ಮಾಯಲಿಲ್ಲ, ನಿಜ. ಆದರೆ ಆ ಎರಡು ದೇಶಗಳು ಮತ್ತೆ ಯುದ್ಧಕ್ಕಿಳಿದಿಲ್ಲ.

1980ರ ಚುನಾವಣೆಯಲ್ಲಿ ಕಾರ್ಟರ್ ಸೋತರು. ಅಧಿಕಾರ ಹೋಯಿತು, ದುಡಿಮೆ ನಿಲ್ಲಲಿಲ್ಲ. ನಮ್ಮ ಉತ್ತರ ಕರ್ನಾಟಕದ ಹಿರಿಯರು ನಾರುಹುಣ್ಣನ್ನು ಬಲ್ಲರು: ಕುಡಿದ ನೀರಿನಿಂದ ಸೇರಿ, ಕಾಲಿನಿಂದ ದಾರದಂತೆ ಹೊರಬರುವ ಹುಳು. ಭಾರತ ಅದರಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಆದರೆ ಸುಡಾನಿನಲ್ಲಿ ಅಂತರ್ಯುದ್ಧದಿಂದಾಗಿ ಆರೋಗ್ಯ ಕಾರ್ಯಕರ್ತರು ಅನೇಕ ಹಳ್ಳಿಗಳಿಗೆ ಕಾಲಿಡಲಾರದೆ ಹೋಗಿದ್ದರು. 1995ರಲ್ಲಿ ಕಾರ್ಟರ್ ಎರಡೂ ಕಡೆಯವರನ್ನು ಕದನವಿರಾಮಕ್ಕೆ ಒಪ್ಪಿಸಿದರು. ಅದು ಸುಮಾರು ಆರು ತಿಂಗಳು ಉಳಿಯಿತು. ನೀರು ಸೋಸುವ ಬಟ್ಟೆಗಳು ಹಳ್ಳಿಗಳನ್ನು ಮುಟ್ಟಿದವು. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅವರು 2024ರ ಡಿಸೆಂಬರಿನಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಇನ್ನು ನಮ್ಮ ಮಾತು. ಹೊಲದ ಬದುವಿನ ಒಂದು ಮೊಳ ನೆಲಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿಲ್ಲವೇ? ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತಿಗೆ ಮುಖ ತಿರುಗಿಸಿದವರಿಲ್ಲವೇ? "ಮೊದಲು ಅವರೇ ಬರಲಿ" ಎನ್ನುತ್ತೇವೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಸಹೋದರನ ಬಳಿಗೆ ಹೋಗಬೇಕೆಂದ ಪ್ರಭು, ತಪ್ಪು ಯಾರದೆಂದು ಲೆಕ್ಕ ಕೇಳಲಿಲ್ಲ.

ಈ ವಾರ ನೀವು ಹತ್ತಬೇಕಾದ ಕಟ್ಟೆ ಯಾವುದು? ಆ ಮನೆಯ ಮಕ್ಕಳ ಹೆಸರು ಇನ್ನೂ ನೆನಪಿದೆಯೇ? ಇದ್ದರೆ, ಮಾತು ಅಲ್ಲಿಂದಲೇ ಶುರುವಾಗಲಿ. ಹೋಗುವ ಮನಸ್ಸನ್ನೂ ನಡೆಯುವ ಬಲವನ್ನೂ ಪ್ರಭು ನಮಗೆ ದಯಪಾಲಿಸಲಿ.