ಗೀರು ಬಿದ್ದ ಸೀಡಿ ಒಗೀಬೇಕೋ, ತಿಕ್ಕಬೇಕೋ?

ವಾಚನಾಲಯದ ಮಾಸ್ತರರು ಈ ಪುಸ್ತಕಕ್ಕೆ ಒಂದು ಲೇಖನ ಬರೆದು ಕೊಡ್ರಿ ಅಂದಾಗ ನಾನು ಬಹಳ ಹಿಂದೆ ಮುಂದೆ ನೋಡಿದೆ. ನಾನು ಜತ್ತ ತಾಲೂಕಿನ ಒಬ್ಬ ರೈತ. ಕಲಿತದ್ದು ಕನ್ನಡ ಸಾಲ್ಯಾಗ ಏಳನೇ ಇಯತ್ತೆ. ಡೊಳ್ಳಿನ ಪದ ಹಾಡತೇನಿ ಅಂತ ನಾಲ್ಕು ಮಂದಿ ಗುರುತು ಹಿಡೀತಾರ, ಅಷ್ಟೇ. ಆದರೂ ಎರಡು ವರ್ಷದಿಂದ ಒಂದು ಪ್ರಶ್ನೆ ನನ್ನ ತಲ್ಯಾಗ ಕುಂತೈತಿ. ಅದನ್ನು ನಿಮ್ಮ ಮುಂದೆ ಇಡತೇನಿ. ಕೆಟ್ಟ ವಸ್ತುವನ್ನು ಯಾವಾಗ ಬದಲಿ ಮಾಡಬೇಕು, ಯಾವಾಗ ದುರಸ್ತಿ ಮಾಡಬೇಕು? ದುರಸ್ತಿ ಮಾಡಿದರೂ ಎಲ್ಲಿ ತನಕ ಮಾಡಬೇಕು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಒಂದು ಸೀಡಿಯಿಂದ.

ನನಗೊಬ್ಬ ಜೋಡಿ ಹಾಡುಗಾರ ಇದ್ದ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡಾಂವ. ದೀಪಾವಳಿಗೆ ಹುಲಜಂತಿಯ ಮಾಳಿಂಗರಾಯನ ಜಾತ್ರೆ ಇರಲಿ, ನಮ್ಮ ಸುತ್ತಿನ ಬೀರಪ್ಪನ ಗುಡಿ ಇರಲಿ, ಅಂವಾ ಎತ್ತಿದ ಪದ ನಾನು ಹಿಡೀತಿದ್ದೆ, ನಾನು ಬಿಟ್ಟಲ್ಲಿ ಅಂವಾ ಎತ್ತತಿದ್ದ. ಸೀಡಿ ಬಂದ ಕಾಲದಾಗ ಒಬ್ಬ ವಿಡಿಯೋದ ಹುಡುಗ ನಮ್ಮ ಒಂದು ರಾತ್ರಿಯ ಹಾಡು ತುಂಬಿಕೊಂಡು ಒಂದು ಸೀಡಿ ಮಾಡಿ ಕೊಟ್ಟ. ರಾತ್ರಿಯೆಲ್ಲಾ ಹಾಡಿದ್ದಿವಿ, ಸೀಡಿಯಲ್ಲಿ ಹಿಡಿದದ್ದು 80 ನಿಮಿಷ.

ಮುಂದೆ ಒಂದು ಕಾರ್ಯಕ್ರಮದ ರೊಕ್ಕದ ಮ್ಯಾಲೆ ನಮ್ಮಿಬ್ಬರಿಗೆ ಮಾತು ಬೆಳೀತು. ಐದು ನೂರು ರೂಪಾಯಿಯ ಲೆಕ್ಕ. ತಪ್ಪು ಯಾರದು ಅನ್ನೂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವನೂ ಬರಲಿಲ್ಲ, ನಾನೂ ಹೋಗಲಿಲ್ಲ. ಹಾಡು ಬ್ಯಾರೆ ಬ್ಯಾರೆ ಆತು.

ಅದರ ಮರುವರ್ಷ ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿತ್ತು. ಗುಬ್ಬಿ, ಗಿಳಿಯ ಕಾಟ. ಮೊದಲು ನಾವು ಅಟ್ಟದ ಮ್ಯಾಲೆ ನಿಂತು ಕವಣಿ ಬೀಸತಿದ್ದಿವಿ. ಈಗ ಹಳೇ ಸೀಡಿ ದಾರಕ್ಕೆ ಪೋಣಿಸಿ ಕಟ್ಟತಾರ, ಬಿಸಿಲಿಗೆ ಹೊಳೆದರೆ ಹಕ್ಕಿ ಹೆದರತಾವ ಅಂತ. ನಮ್ಮ ಸೊಸಿ ಪೆಟ್ಟಿಗ್ಯಾಗಿನ ಸೀಡಿ ಎಲ್ಲಾ ತಂದು ಕಟ್ಟಿದಳು. ಅದರಾಗ ನಮ್ಮ ಹಾಡಿನದೂ ಇತ್ತು. ಅದರ ಮ್ಯಾಲಿನ ನೀಲಿ ಅಕ್ಷರ ನಾನು ನೋಡಿದೆ. ಗುರುತೂ ಹತ್ತಿತು. ಕೈ ಎತ್ತಿದರೆ ಬಿಚ್ಚಬಹುದಿತ್ತು, ಬಿಚ್ಚಲಿಲ್ಲ. ತೂಗಲಿ ಬಿಡು ಅಂದೆ. ಸೊಸಿಗೆ ಗೊತ್ತಿರಲಿಲ್ಲ, ಅಕಿದು ತಪ್ಪಿಲ್ಲ. ನನಗೆ ಗೊತ್ತಿತ್ತು.

ಎರಡು ವಾರ ಅದು ಗಾಳಿಗೆ ಉಳಿದ ಸೀಡಿಗಳ ಸಂಗಾಟ ತಿಕ್ಕಾಡಿತು. ರಾಶಿ ಆದ ಮ್ಯಾಲೆ ಮತ್ತ ಪೆಟ್ಟಿಗಿ ಸೇರಿತು.

ಎರಡು ವರ್ಷದ ಹಿಂದೆ ಅಂವಾ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ಆಮ್ಯಾಲೆ ಒಂದು ದಿನ ವೈನಿ ನಮ್ಮ ಮನಿಗೆ ಬಂದಳು. "ತಮ್ಮಾ, ಅವರ ಧ್ವನಿ ನಮ್ಮ ಕಡೆ ಎಲ್ಲೂ ಉಳಿದಿಲ್ಲ. ನಿನ್ನ ಹತ್ತರ ಆ ಸೀಡಿ ಐತೇನು?" ಅಂದಳು. ನನ್ನ ಬಾಯಿ ಕಟ್ಟಿತು. "ಹುಡುಕತೇನಿ ವೈನಿ" ಅಂದೆ.

ಹುಡುಕಿದರೆ ಸಿಕ್ಕಿತು. ಮುಳ್ಳು ಬೇಲಿಯಾಗ ಎಳೆದಂಗ ಗೀರು. ಹಾಕಿದರೆ ಮಶೀನು ಹಿಡೀಲೇ ಇಲ್ಲ. ಮಗ ಅಂದ, "ಅಪ್ಪಾ, ಒಗಿ ಅದನ್ನ. ಖಾಲಿ ಸೀಡಿ ಹತ್ತಿಪ್ಪತ್ತು ರೂಪಾಯಿಗೆ ಸಿಗತಿತ್ತು. ಡೊಳ್ಳಿನ ಪದ ಫೋನಿನಾಗ ಬೇಕಾದಷ್ಟು ಅದಾವು." ಅಂವಾ ಕೆಟ್ಟ ಮನಸಿನಿಂದ ಅಂದದ್ದಲ್ಲ. ಲೆಕ್ಕದ ಪ್ರಕಾರ ಅವನ ಮಾತು ಖರೇನ ಇತ್ತು.

ನಾನು ಅದನ್ನು ತಗೊಂಡು ವಿಜ್ಞಾನ ಕಲಿಸುವ ಮಾಸ್ತರರ ಕಡೆ ಹೋದೆ. ಅವರು ಬಿಡಿಸಿ ಹೇಳಿದರು. ಸೀಡಿ ಜಗತ್ತಿನ ಪೇಟೆಗೆ ಮೊದಲು ಬಂದದ್ದು 1982ರಲ್ಲಿ, ಜಪಾನದಲ್ಲಿ. ಅಗಲ 12 ಸೆಂಟಿಮೀಟರ, ದಪ್ಪ 1.2 ಮಿಲಿಮೀಟರ. ಹಾಡಿನ ಗೆರೆ ಒಳಗಿನಿಂದ ಹೊರಗೆ ಸುರುಳಿ ಸುತ್ತಿರತದ. ಅದನ್ನು ಬಿಚ್ಚಿ ಉದ್ದ ಹಾಸಿದರೆ 5 ಕಿಲೋಮೀಟರಿಗಿಂತ ಹೆಚ್ಚಾಗತದ. ಓದೂದು ಮುಳ್ಳಲ್ಲ, ಬೆಳಕು. ನಾವು ಹೊಳೆಯುವ ಬಾಜುವಿನಲ್ಲಿ ಹಾಡು ಇರತದ ಅಂತ ತಿಳಿದೀವಿ. ಅದು ಹಂಗಲ್ಲ. ಹಾಡು ಇರೂದು ಮ್ಯಾಲೆ, ಹೆಸರು ಬರೆಯೂ ಬಾಜುವಿನ ಕೆಳಗೇ. ಹೊಳೆಯುವ ಬಾಜುವಿನಿಂದ ನೋಡಿದರೆ ದಪ್ಪ ಪ್ಲಾಸ್ಟಿಕ್ಕಿನ ಆಚೆ ಐತಿ, ಕಿಡಕಿಯ ಗಾಜಿನ ಆಚೆ ಮನುಷ್ಯ ನಿಂತಂಗ. ಗಾಜಿಗೆ ಗೀರು ಬಿದ್ದರೆ ಮನುಷ್ಯ ಕಾಣೂದಿಲ್ಲ, ಆದರ ಒಳಗೆ ಅದಾನ. ಹೆಸರಿನ ಬಾಜು ಕೆತ್ತಿ ಹೋದರೆ ಮಾತ್ರ ಮನುಷ್ಯನೇ ಹೋದಂಗ. ಅದಕ್ಕೆ ಮದ್ದಿಲ್ಲ.

ಇನ್ನೊಂದು ಮಾತು ಹೇಳಿದರು. ಸಣ್ಣ ಗೀರು ಇದ್ದರೆ ಮಶೀನು ತಾನೇ ಲೆಕ್ಕ ಹಾಕಿ ತುಂಬಿಕೊಳ್ಳತದ. ನಡುವಿನಿಂದ ಅಂಚಿಗೆ ನೆಟ್ಟಗೆ ಬಿದ್ದ ಗೀರು ಒಂದೊಂದು ಸುತ್ತನ್ನೂ ಚೂರೇ ಚೂರು ಮುಟ್ಟತದ, ಅದನ್ನು ತಾಳಿಕೊಳ್ಳತದ. ಸುತ್ತಿನ ಗುಂಟ ದುಂಡಗೆ ಬಿದ್ದ ಗೀರು ಹಾಡನ್ನೇ ನುಂಗತದ. ಅದಕ್ಕೇ ಸೀಡಿ ಒರೆಸುವಾಗ ದುಂಡಗೆ ತಿರುವಿ ಒರೆಸಬಾರದು, ನಡುವಿನಿಂದ ಹೊರಗೆ ನೆಟ್ಟಗೆ ಒರೆಸಬೇಕು.

ಮನಿಗೆ ಬಂದು ಕೆಲಸ ಹಿಡಿದೆ. ಮೊದಲು ತಣ್ಣೀರಿನಿಂದ ಧೂಳು ತೊಳೆದೆ. ಧೂಳು ಇದ್ದಂಗ ತಿಕ್ಕಿದರೆ ಅದೇ ಮತ್ತೊಂದು ಗೀರು. ಆಮ್ಯಾಲೆ ಬಿಳೇ ಹಲ್ಲುಪೇಸ್ಟು, ಹಳೇ ಮೆತ್ತನ್ನ ಧೋತರದ ತುಂಡು. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಐದು ಸಂಜೆ ಕುಂತೆ. ತಿಕ್ಕುವಾಗ ಒಂದು ಗೊತ್ತಾತು. ಪೇಸ್ಟು ಗೀರನ್ನು ತುಂಬೂದಿಲ್ಲ. ಗೀರಿನ ಸುತ್ತಿನ ಪ್ಲಾಸ್ಟಿಕ್ಕನ್ನು ಸವೆಸಿ ಗೀರಿನ ಮಟ್ಟಕ್ಕೆ ಇಳಿಸತದ. ಅಂದರೆ ದುರಸ್ತಿ ಆದ ಸೀಡಿ ಮೊದಲಿನಕಿಂತ ತೆಳ್ಳಗ. ಹೋದದ್ದು ತಿರುಗಿ ಬರೂದಿಲ್ಲ. ಉಳಿದದ್ದು ತಾನೂ ಒಂದಿಷ್ಟು ಇಳೀಬೇಕು, ಆಗ ಬೆಳಕು ದಾಟತದ. ಐದು ನೂರು ರೂಪಾಯಿಯ ಜಗಳದಾಗ ನಾನು ಒಂದಿಷ್ಟೂ ಇಳಿದಿರಲಿಲ್ಲ.

ಐದನೇ ಸಂಜಿಗೆ ಮಾಸ್ತರರ ಕಂಪ್ಯೂಟರಿಗೆ ಹಾಕಿದರೆ ಹಿಡೀತು. ಅವನ ಧ್ವನಿ ಬಂತು. ನಾನು ಹೊರಗೆ ಎದ್ದು ಹೋದೆ.

ಈಗ ಮೊದಲಿನ ಪ್ರಶ್ನೆಗೆ ಬರತೇನಿ. ಎಲ್ಲಾ ಹಳೇದನ್ನೂ ದುರಸ್ತಿ ಮಾಡಬೇಕು ಅಂತ ನಾನು ಹೇಳೂದಿಲ್ಲ. ಡೊಳ್ಳಿನ ಚರ್ಮ ಹರಿದರೆ ಹೊಸಾದು ಬಿಗಿಸತೇವಿ, ಹಗ್ಗ ಸವೆದರೆ ಬದಲಿ ಮಾಡತೇವಿ. ಚರ್ಮ ಇರೂದೇ ಬಡಿಸಿಕೊಂಡು ಸವೆಯಲಿಕ್ಕೆ. ಅದಕ್ಕೆ ಅಳೂದು ಬ್ಯಾಡ. ಕಟ್ಟಿಗೆಯ ಮೈ ಮಾತ್ರ ನಮ್ಮ ಮುತ್ತ್ಯಾನ ಕಾಲದ್ದು. ಅದಕ್ಕೆ ಸೀಳು ಬಿಟ್ಟರೆ ಪಟ್ಟಿ ಹೊಡೆಸತೇವಿ. ಸಿನಿಮಾ ಹಾಡಿನ ಸೀಡಿಗೆ ಗೀರು ಬಿದ್ದರೆ ಹೊಲದಾಗ ತೂಗಲಿ, ಅದರಂಥವು ಸಾವಿರ ಅದಾವು. ಅಂಗಡಿಯಲ್ಲಿ ಇನ್ನೊಂದು ಸಿಗತದೋ ಇಲ್ಲೋ ಅನ್ನೂದೇ ಮೊದಲ ಪ್ರಶ್ನೆ ಆಗಬೇಕು. ಬೆಲೆ ಎಷ್ಟು ಅನ್ನೂದು ಆಮ್ಯಾಲಿನದು. ನನ್ನ ಮಗ ಖಾಲಿ ಸೀಡಿಯ ಬೆಲೆ ಹೇಳಿದ. ಅದರಾಗಿದ್ದಾತನ ಬೆಲೆ ಅಂಗಡಿಯಾಂವ ಹೇಳಲಾರ.

ಮಾಸ್ತರರು ಒಂದು ಎದುರು ಮಾತು ಹಾಕಿದರು. "ಕಾಕಾ, ಸೀಡಿ ಉಳಿಸೂದು ಮುಖ್ಯ ಅಲ್ಲ, ನಕಲು ಮಾಡೂದು ಮುಖ್ಯ. ಅಂಗಡಿಯಾಗ ತುಂಬಿಸಿದ ಸೀಡಿಯಲ್ಲಿ ಬಣ್ಣದ ಪದರು ಇರತದ, ಬೆಳಕಿಗೆ ತಾನೇ ಮಾಸತದ. ನೀವು ಎಷ್ಟು ತಿಕ್ಕಿದರೂ ಅದು ಒಂದು ದಿನ ಹೋಗೂದೇ." ಅವರ ಮಾತಿಗೆ ನಾನು ಒಪ್ಪಿದೆ. ನಮ್ಮ ಪದಗಳೂ ಬಾಯಿಂದ ಬಾಯಿಗೆ ನಕಲಾಗಿಯೇ ಬಂದಾವು, ಯಾವ ಪೆಟ್ಟಿಗಿಯಾಗೂ ಇಟ್ಟು ಉಳಿಸಿದ್ದಲ್ಲ. ಆದರ ನಕಲು ಮಾಡಬೇಕಾದರೂ ಮೊದಲು ಅದು ಒಂದು ಸಲ ಹಾಡಬೇಕು. ಆ ಒಂದು ಸಲಕ್ಕಾಗಿ ಐದು ಸಂಜೆ ಹೆಚ್ಚಲ್ಲ.

ನಕಲು ಮಾಡಿದಿವಿ, ಎರಡು ಪೆನ್‌ಡ್ರೈವಿಗೆ. ಆದರೆ ಒಂದು ಕಡೆ ಎರಡು ನುಡಿ ಬರಲೇ ಇಲ್ಲ. ಸೀಡಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದರೆ ಹೆಸರಿನ ಬಾಜು ಸಾಸಿವಿಯಷ್ಟು ಕಿತ್ತು ಹೋಗಿತ್ತು, ಬೆಳಕು ಆರಪಾರ ಕಾಣತಿತ್ತು. ಮಗ ಅಂದ, "ಅಪ್ಪಾ, ಪದ ನಿನಗೆ ಬರತೈತಿ. ಆ ಎರಡು ನುಡಿ ನೀ ಹಾಡು, ನಡುವೆ ಕೂಡಿಸಿ ಕೊಡತೇನಿ. ಯಾರಿಗೂ ತಿಳಿಯೂದಿಲ್ಲ."

ಒಂದು ರಾತ್ರಿ ವಿಚಾರ ಮಾಡಿದೆ. ಅಂವಾ ಬಿಟ್ಟಲ್ಲಿ ನಾನು ಎತ್ತೂದು ನಮ್ಮ ಪದ್ಧತಿಯೇ ಆಗಿತ್ತು. ಆದರೂ ಬ್ಯಾಡ ಅಂದೆ. ಅಂವಾ ಅಲ್ಲಿ ಬಿಟ್ಟಿರಲಿಲ್ಲ, ನಾನು ಕೆಡಿಸಿದ್ದೆ. ಇರೂದನ್ನು ಕೇಳುವಂಗ ಮಾಡೂದು ದುರಸ್ತಿ. ಇಲ್ಲದ್ದನ್ನು ಇದ್ದಂಗ ತೋರಿಸಿದರೆ ಅದು ಬ್ಯಾರೇನೋ ಆಗತದ, ಸುಳ್ಳಿನ ಹತ್ತರ ಹೋಗತದ. ಆ ಎರಡು ನುಡಿ ನಮ್ಮ ಮೇಳದ ಹುಡುಗರಿಗೆ ಬ್ಯಾರೇ ಕುಂಡ್ರಿಸಿ ಕಲಿಸಿದೆ. ಪದ ಪೂರ್ತಿ ಉಳೀತು. ಅವನ ಧ್ವನಿಯಲ್ಲಿನ ಖಾಲಿ ಜಾಗ ಖಾಲಿಯೇ ಉಳೀತು.

ವೈನಿಯ ಮನಿಗೆ ಹೋಗಿ ಹಚ್ಚಿದೆ. ಅಕಿ ಗೋಡಿಗೆ ಒರಗಿ ಕುಂತು ಕೇಳಿದಳು. ಆ ಜಾಗ ಬಂದಾಗ ನನ್ನ ಮುಖ ನೋಡಿದಳು. ನಾನು ಎಲ್ಲಾ ಹೇಳಿದೆ, ಜೋಳದ ಹೊಲದಾಗ ತೂಗಿದ್ದು, ನೋಡಿಯೂ ಬಿಚ್ಚದೇ ಬಿಟ್ಟದ್ದು. ಅಕಿ ಬಹಳ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ, "ಜ್ವಾಳರೆ ಉಳೀತೇನು ತಮ್ಮಾ?" ಅಂದಳು.

"ಅರ್ಧಾ ಹಕ್ಕಿ ತಿಂದ್ವು ವೈನಿ" ಅಂದೆ.

ಅಕಿ ಕ್ಷಮಾ ಮಾಡಿದಳು ಅಂತ ನಾನು ಬರೆಯೂದಿಲ್ಲ, ಅಕಿ ಹಂಗ ಅನ್ನಲಿಲ್ಲ. ಚಹಾ ಇಟ್ಟಳು, ಮತ್ತೊಮ್ಮೆ ಮೊದಲಿಂದ ಹಚ್ಚು ಅಂದಳು.

ಓದುವವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನಿಯ ಪೆಟ್ಟಿಗ್ಯಾಗ ಮದುವಿಯದೋ, ಜಾತ್ರೆಯದೋ, ಅವ್ವ ಹಾಡಿದ ಬೀಸುವ ಪದದ್ದೋ ಸೀಡಿ ಇದ್ದರೆ ಇವತ್ತೇ ತಗದು ನೋಡ್ರಿ. ಬಿಸಿಲಿಗೆ ಇಡಬ್ಯಾಡ್ರಿ. ಹೆಸರಿನ ಬಾಜು ಉಗುರಿನಿಂದ ಕೆರೀಬ್ಯಾಡ್ರಿ. ಹಿಡಿಯದಿದ್ದರೆ ತೊಳದು ನೋಡ್ರಿ, ತಿಕ್ಕಿ ನೋಡ್ರಿ, ಹಿಡಿದ ದಿನವೇ ನಕಲು ಮಾಡಿಸ್ರಿ. ಮತ್ತ ಅದರಾಗಿನ ಮನುಷ್ಯ ಇನ್ನೂ ಬದುಕಿದ್ದು, ನಿಮಗೂ ಅವರಿಗೂ ಮಾತು ಬಿಟ್ಟಿದ್ದರೆ, ಸೀಡಿ ಆಮ್ಯಾಲೆ ತಿಕ್ಕಿದರಾತು. ಮೊದಲು ಅವರ ಮನಿಗೆ ಹೋಗಿ ಬರ್ರಿ.