ಬೆಲೆ ಕಟ್ಟಿದ ಮೇಲೂ ತೀರದ ಸಾಲ

ಆದೋನಿ ಸೀಮೆಯ ಪೆದ್ದಹರಿವಾಣಂ ನನ್ನ ಊರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಬೇರೆಯವರ ಸಾಲದ ಲೆಕ್ಕ ಬರೆದವನು, ಇಂದು ನನ್ನದೇ ಒಂದು ಸಾಲದ ಲೆಕ್ಕವನ್ನು ವಾಚಕರ ಮುಂದಿಡುತ್ತಿದ್ದೇನೆ. ಅದು ಹಣದ ಸಾಲವಲ್ಲ, ಪುಸ್ತಕದ ಸಾಲ.

ಕಳೆದ ವರ್ಷ ನನ್ನ ಅಕ್ಕನ ಮಗಳಿಗೆ ಒಂದು ಪುಸ್ತಕ ಬೇಕಾಯಿತು. ಆಕೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. 'ವಡ್ಡಾರಾಧನೆ'ಯ ಭಾಷೆಯನ್ನು ಕುರಿತ ಹಳೆಯ ಗ್ರಂಥವದು. ಪ್ರತಿಗಳು ಮುಗಿದು ಎಷ್ಟೋ ಕಾಲವಾಗಿದೆ. ನಮ್ಮ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳುಂಟು. ಆದರೆ ನಾವು ಹುಡುಕಿದ ಯಾವ ಕಪಾಟಿನಲ್ಲೂ ಅದು ಸಿಗಲಿಲ್ಲ. ಗಡಿಯಾಚೆ ಕರ್ನಾಟಕದ ಒಂದು ಕಾಲೇಜಿನಲ್ಲಿದೆ ಎಂದು ಯಾರೋ ಹೇಳಿದರು. ಇಬ್ಬರೂ ಬಸ್ಸು ಹತ್ತಿ ಹೋದೆವು.

ಗ್ರಂಥಪಾಲಕರು ಸಜ್ಜನರು. ಕುಳ್ಳಿರಿಸಿ ನೀರು ಕೊಟ್ಟರು. ಪುಸ್ತಕವನ್ನು ತೆಗೆದು ತೋರಿಸಿದರು ಕೂಡ. ಒಯ್ಯಲು ಮಾತ್ರ ಕೊಡಲಿಲ್ಲ, ಜೆರಾಕ್ಸ್ ಮಾಡಿಸಲೂ ಬಿಡಲಿಲ್ಲ. "ನೋಡ್ರಿ ಸಾರ್, ನೀವು ನಮ್ಮ ಕಾಲೇಜಿನವರಲ್ಲ, ನಮ್ಮ ರಾಜ್ಯದವರೂ ಅಲ್ಲ. ಹೊರಗಿನವರ ಕೈಗೆ ಹೋದ ಪುಸ್ತಕ ತಿರುಗಿ ಬರಂಗಿಲ್ಲ. ನಾಳೆ ನನ್ನ ಸಂಬಳದಾಗೆ ಹಿಡೀತಾರೆ" ಎಂದರು.

ಬಸ್ಸಿನಲ್ಲಿ ಹುಡುಗಿ ಕೇಳಿದಳು: "ಅವರು ಹಂಗೆ ಹೇಳಿದ್ದು ತಪ್ಪಲ್ಲೇನು ಮಾಮಾ?"

ನಾನು ಸುಮ್ಮನಿದ್ದೆ. ಏಕೆಂದರೆ ನನ್ನ ಮನೆಯ ಕಪಾಟಿನಲ್ಲಿ ಒಂದು ಕಾಲೇಜಿನ ಮೊಹರು ಬಿದ್ದ ಪುಸ್ತಕವಿತ್ತು. 2001ರಲ್ಲಿ, ಬಿ.ಎ. ಕೊನೆಯ ವರ್ಷ, ನಾನು ಅದನ್ನು ಎರವಲು ತಂದಿದ್ದೆ. ಇಷ್ಟವಾಯಿತು. 'ಕಳೆದುಹೋಗಿದೆ' ಎಂದು ಬರೆದುಕೊಟ್ಟು, ದಂಡ ಸೇರಿಸಿ ಬೆಲೆ ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ತಂದೆ. ಕಾಗದದ ಮೇಲೆ ನಾನು ಋಣಮುಕ್ತ. ಕಾಲೇಜಿಗೂ ನಷ್ಟವಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಆದರೆ ಆ ಪುಸ್ತಕವೂ ಮತ್ತೆ ಅಚ್ಚಾಗಿಲ್ಲ. ನಾನು ಕಟ್ಟಿದ ಹಣದಿಂದ ಅದನ್ನು ಪುನಃ ಕೊಳ್ಳುವಂತಿರಲಿಲ್ಲ. ನನ್ನ ನಂತರ ಬಂದ ವಿದ್ಯಾರ್ಥಿಗಳಿಗೆ ಅದು ಇಲ್ಲದೇ ಹೋಯಿತು. ಬೆಲೆಯನ್ನು ನಾನು ಕಾಲೇಜಿಗೆ ಕೊಟ್ಟಿದ್ದೆ. ನಷ್ಟ ಅನುಭವಿಸಿದವರು ಬೇರೆ ಯಾರೋ.

ಗ್ರಂಥಾಲಯದ ಪುಸ್ತಕ ಯಾರದ್ದು? ಹಣ ಕೊಟ್ಟ ಸಂಸ್ಥೆಯದ್ದೇ, ಕಾಯುವವರದ್ದೇ, ಅದು ಬೇಕಾದವರದ್ದೇ? ನನಗೆ ಈಗ ತೋರುವುದು ಇಷ್ಟು: ಸಂಸ್ಥೆ ಅದರ ಒಡೆಯನಲ್ಲ, ಧರ್ಮದರ್ಶಿ. ಕಾಯುವುದು ಅದರ ಕರ್ತವ್ಯ, ನಿಜ. ಆದರೆ ಕಾಯುವುದು ಕೊಡುವುದಕ್ಕಾಗಿ.

ಕಾಸರಗೋಡಿನ ಓದುಗರಿಗೆ ಗಡಿಯ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ನಿಮ್ಮ ತಾಲೂಕು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ನೀವೂ ನಾವೂ ಮದರಾಸು ಪ್ರಾಂತದವರು. ಅದೇ ಮದರಾಸಿನ ವಿಶ್ವವಿದ್ಯಾಲಯದಲ್ಲಿ 1924ರಿಂದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗಾಗಿ ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಪ್ರಾಂತ ಒಡೆದಾಗ ತಾಲೂಕುಗಳನ್ನು ಹಂಚಿದರು. ಓದುಗನೊಂದು ಕಡೆ, ಅವನ ಪುಸ್ತಕವೊಂದು ಕಡೆ ಉಳಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನೇ ನೆನೆಯಿರಿ. ಅವರು 1963ರಲ್ಲಿ ತೀರಿಕೊಂಡ ಮೇಲೆ ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿತು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆಯಿತು. ಪುಸ್ತಕಗಳು ಉಳಿದವು, ಬಳಕೆಗೂ ಬಂದವು. ಅದು ಒಳ್ಳೆಯದೇ ಆಯಿತು. ಆದರೂ ಮಂಜೇಶ್ವರದ ಒಬ್ಬ ಬಡ ವಿದ್ಯಾರ್ಥಿಗೆ ತನ್ನೂರಿನ ಕವಿಯ ಪುಸ್ತಕಗಳು ಈಗ ಇನ್ನೊಂದು ರಾಜ್ಯದಲ್ಲಿವೆ. ಒಂದು ಕಡೆ ಕೂಡಿಟ್ಟಿದ್ದು ಎಲ್ಲರಿಗೂ ದಕ್ಕಬೇಕಾದರೆ ಗ್ರಂಥಾಲಯಗಳ ನಡುವೆ ಕೊಡುಕೊಳ್ಳುವಿಕೆ ಇರಲೇಬೇಕು.

ಅಂಥ ಏರ್ಪಾಡು ದೇಶದಲ್ಲಿ ಇಲ್ಲವೆಂದಲ್ಲ. 1988ರಲ್ಲಿ ದೆಹಲಿಯಲ್ಲಿ ಆರಂಭವಾದ ಡೆಲ್ನೆಟ್ ಮೂಲಕ ಸದಸ್ಯ ಗ್ರಂಥಾಲಯಗಳು ಪರಸ್ಪರ ಪುಸ್ತಕ ಎರವಲು ಪಡೆಯುತ್ತವೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸಲು ಯು.ಜಿ.ಸಿ. 1991ರಲ್ಲಿ ಇನ್‌ಫ್ಲಿಬ್‌ನೆಟ್ ಆರಂಭಿಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಸಂಶೋಧನ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುವ ವ್ಯವಸ್ಥೆ ಅದು. ಸ್ವಾಗತಾರ್ಹವೇ. ಆದರೆ ಅದು ಪತ್ರಿಕೆಗಳ ಏರ್ಪಾಡು. ನಮ್ಮ ಹುಡುಗಿಗೆ ಬೇಕಾದ, ಪ್ರತಿಗಳು ಮುಗಿದ ಕನ್ನಡ ಪುಸ್ತಕ ಅದರಿಂದ ಬರುವುದಿಲ್ಲ. ಅದಕ್ಕೆ ಕಪಾಟಿನ ಬಾಗಿಲೇ ತೆರೆಯಬೇಕು.

ಬ್ಯಾಂಕಿನವನಾಗಿ ಒಂದು ಮಾತು. ನಾವು ಬರೆದುಕೊಡುವ ಡಿ.ಡಿ.ಗೆ ನಾವೆಂದೂ ಕಾಣದ ಊರಿನ ಶಾಖೆ ಹಣ ಕೊಡುತ್ತದೆ. ಗ್ರಾಹಕ ಅವರಿಗೆ ಅಪರಿಚಿತ. ನಂಬಿಕೆ ಇರುವುದು ಬರೆದುಕೊಟ್ಟ ಶಾಖೆಯ ರುಜುವಿನ ಮೇಲೆ. ಪೈಪೋಟಿ ನಡೆಸುವ ಬ್ಯಾಂಕುಗಳೂ ಪರಸ್ಪರರ ಚೆಕ್ಕುಗಳ ಲೆಕ್ಕ ತೀರಿಸಿಕೊಳ್ಳುತ್ತವೆ. ಕೆಲವು ಸಾಲ ಮುಳುಗುತ್ತವೆ. ಅದಕ್ಕೆಂದು ಯಾವ ಬ್ಯಾಂಕೂ ಸಾಲ ಕೊಡುವುದನ್ನು ನಿಲ್ಲಿಸಿಲ್ಲ. ಹಣದಲ್ಲಿ ಸಾಧ್ಯವಾದ ನಂಬಿಕೆ ವಿದ್ಯೆಯಲ್ಲಿ ಏಕೆ ಸಾಧ್ಯವಾಗಬಾರದು?

ಗ್ರಂಥಪಾಲಕರ ಭಯ ಸುಳ್ಳಲ್ಲ. ನನ್ನಂಥವರೇ ಆ ಭಯಕ್ಕೆ ಕಾರಣ. ಆದರೂ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ಮಾನವೀಯ ಮಾತಿದೆ. ವರ್ಷಕ್ಕೆ ಕೊಟ್ಟ ಅಥವಾ ಓದಿದ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಎಣಿಸಬಹುದು. ಸಾವಿರ ರೂಪಾಯಿಗೆ ಮೇಲ್ಪಟ್ಟ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳ ನಿಯಮ. ಎಲ್ಲ ಕಾಲೇಜುಗಳ ಆಡಳಿತದವರೂ ಈ ಮಾತನ್ನು ಒಪ್ಪಿದರೆ ಸಂಬಳದ ಭಯವಿಲ್ಲದೆ ಪುಸ್ತಕ ಕೊಡಬಹುದು. ಒಂದೇ ಪ್ರತಿಯಿರುವ ಅಪರೂಪದ ಗ್ರಂಥವನ್ನು ಹೊರಗೆ ಕಳಿಸದಿರುವುದು ಸರಿ. ಆದರೆ ಮಾರಾಟದಲ್ಲಿ ಇಲ್ಲದ ಪುಸ್ತಕದ ಮೂರು ಪ್ರತಿಗಳವರೆಗೆ ತನ್ನ ಬಳಕೆಗಾಗಿ ಮಾಡಿಟ್ಟುಕೊಳ್ಳಲು ಸಾರ್ವಜನಿಕ ಗ್ರಂಥಾಲಯಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯೇ ಅವಕಾಶ ಕೊಟ್ಟಿದೆ. ಮೂಲವನ್ನು ಕಾದು ಪ್ರತಿಯನ್ನು ಓದಿಸುವ ದಾರಿಯೂ ಉಂಟು.

ಈ ಸಂಚಿಕೆಯ ಮಲಯಾಳ ಭಾಗವನ್ನು ಓದುವ ಗೆಳೆಯರು ಪಿ. ಎನ್. ಪಣಿಕ್ಕರ್ ಅವರನ್ನು ಬಲ್ಲರು. 1945ರಲ್ಲಿ ಅವರು 47 ಗ್ರಂಥಾಲಯಗಳನ್ನು ಒಂದು ಸಂಘದಲ್ಲಿ ಕೂಡಿಸಿದರು. ಮುಂದೆ ಅದು ಕೇರಳದುದ್ದಕ್ಕೂ ಹಬ್ಬಿತು. ನಮಗೆ ಅಷ್ಟು ದೊಡ್ಡದು ಬೇಡ. ಗಡಿಯ ಈಚೆ ಆಚೆ ಕನ್ನಡ ಕಲಿಸುವ ನಾಲ್ಕಾರು ಕಾಲೇಜುಗಳು ತಮ್ಮ ಪುಸ್ತಕಪಟ್ಟಿಗಳನ್ನು ಬದಲಾಯಿಸಿಕೊಳ್ಳಲಿ. ಓದುಗನ ಪರವಾಗಿ ಅವನ ಊರಿನ ಗ್ರಂಥಪಾಲಕರೋ ಮುಖ್ಯೋಪಾಧ್ಯಾಯರೋ ರುಜು ಹಾಕಲಿ. ಪುಸ್ತಕ ಬರದಿದ್ದರೆ ರುಜು ಹಾಕಿದವರು ತರಿಸಿಕೊಡಲಿ. ಜಾಮೀನಿಲ್ಲದೆ ನಂಬಿಕೆ ಬೆಳೆಯದು ಎಂಬುದನ್ನು ನನ್ನ ಕೆಲಸವೇ ನನಗೆ ಕಲಿಸಿದೆ.

ಹುಡುಗಿ ನಾಲ್ಕು ಶನಿವಾರ ಆ ಕಾಲೇಜಿಗೆ ಹೋಗಿ, ಅಲ್ಲೇ ಕುಳಿತು, ಬೇಕಾದ ಪುಟಗಳನ್ನು ಕೈಯಲ್ಲಿ ಬರೆದುಕೊಂಡಳು. ಗ್ರಂಥಪಾಲಕರು ಅಷ್ಟಕ್ಕೆ ಅನುಮತಿ ಕೊಟ್ಟಿದ್ದರು. ಕೊನೆಯ ಶನಿವಾರ ನಾನು ನನ್ನ ಕಾಲೇಜಿಗೆ ಹೋಗಿ, ಕಪಾಟಿನ ಆ ಪುಸ್ತಕವನ್ನು ಹಿಂದಕ್ಕೆ ಕೊಟ್ಟೆ. ಅಲ್ಲಿದ್ದ ಯುವಕ ಹಳೆಯ ರಿಜಿಸ್ಟರ್ ತೆಗೆದ. 'ಕಳೆದಿದೆ, ಬೆಲೆ ವಸೂಲಾಗಿದೆ' ಎಂದು ಕೆಂಪು ಮಸಿಯಲ್ಲಿ ಬರೆದಿತ್ತು. "ಹಣ ಕಟ್ಟಿದ್ದೀರಲ್ಲ ಸಾರ್, ಇದು ನಿಮ್ಮದೇ ಅಲ್ಲವಾ?" ಎಂದ. ಅಲ್ಲ ಎಂದೆ. ಅವನು ಹೊಸ ನಂಬರು ಕೊಟ್ಟು ಬರೆದುಕೊಂಡ.

ವಾಚಕರೇ, ನಿಮ್ಮ ಮನೆಯ ಕಪಾಟನ್ನೂ ಒಮ್ಮೆ ನೋಡಿ. ಯಾವುದಾದರೂ ಗ್ರಂಥಾಲಯದ ಮೊಹರು ಕಂಡರೆ, ಅದಕ್ಕಾಗಿ ಎಲ್ಲೋ ಒಬ್ಬರು ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ಹಿಂದಿರುಗಿರಬಹುದು.